ಓಪನ್ ಸೋರ್ಸ್ ಸಂಗೀತ ತಂತ್ರಾಂಶಕ್ಕೆ ಬದಲಾಗಲು ಹಿಂಜರಿಕೆ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ, ಎಲ್ಲವನ್ನೂ ಓದಬೇಕಿಲ್ಲ.

ಶುರುವಿನ ಪ್ರಶ್ನೆಗಳು

ದುಡ್ಡು ಕೊಡೋದೇ ಬೇಡ, ಕೆಲಸವೂ ಚೆನ್ನಾಗಿ ಮಾಡುತ್ತೆ ಅಂತಾರೆ. ಆದರೂ ಜನ ಯಾಕೆ ಬದಲಾಗಲ್ಲ?

ಬದಲಾಗಲು ತಗಲುವ ಖರ್ಚಿನಲ್ಲಿ ತಂತ್ರಾಂಶದ ಬೆಲೆಯದು ಚಿಕ್ಕ ಪಾಲು. ಹಳೆಯ ಪ್ರಾಜೆಕ್ಟ್‌ಗಳು, ಕೊಂಡಿಟ್ಟ ಪ್ಲಗಿನ್‌ಗಳು (ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ವಾದ್ಯ, ಎಫೆಕ್ಟ್‌ಗಳು), ಜೊತೆಗೆ ಕೆಲಸ ಮಾಡುವವರು, ಕೈಗೆ ಕೂತ ಅಭ್ಯಾಸ ಇವೆಲ್ಲ ಸೇರಿ ಉಳಿದ ಪಾಲು. ಇವುಗಳಲ್ಲಿ ಅಭ್ಯಾಸವನ್ನು ಎಲ್ಲರೂ ಹಗುರವಾಗಿ ಎಣಿಸುತ್ತಾರೆ, ಹೆಚ್ಚು ಕಾಡುವುದೂ ಅದೇ. ಉದಾಹರಣೆಗೆ, ಆಪಲ್‌ನ ಲಾಜಿಕ್ ತಂತ್ರಾಂಶದಲ್ಲಿ ಎಸ್ ಕೀಲಿ ಒತ್ತಿದರೆ ಆಯ್ದ ಟ್ರ್ಯಾಕ್ ಸೋಲೋ ಆಗುತ್ತದೆ. ಆರ್ಡೌರ್ ಎಂಬ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಅದೇ ಎಸ್ ರೀಜನ್ನನ್ನು, ಅಂದರೆ ಟ್ರ್ಯಾಕಿನಲ್ಲಿರುವ ಆಡಿಯೋ ತುಣುಕನ್ನು, ಎರಡು ತುಂಡು ಮಾಡುತ್ತದೆ. ಒಂದೇ ಟ್ರ್ಯಾಕ್ ಕೇಳೋಣವೆಂದು ಕೈ ತಾನಾಗಿ ಎಸ್ ಒತ್ತುತ್ತದೆ. ಸದ್ದಿನಲ್ಲಿ ಏನೂ ಬದಲಾಗುವುದಿಲ್ಲ, ಹಾಗಾಗಿ ಇನ್ನೊಮ್ಮೆ ಒತ್ತುತ್ತೀರಿ. ಸ್ವಲ್ಪ ಹೊತ್ತಿನ ಮೇಲೆ ಆ ರೀಜನ್ ಎಳೆದಾಗ ಒಂದು ಚೂರು ಮಾತ್ರ ಜೊತೆಗೆ ಬರುತ್ತದೆ. ಅಷ್ಟರಲ್ಲಿ ಅನ್‌ಡೂ ಇತಿಹಾಸದಲ್ಲಿ ಬೇರೆ ಇಪ್ಪತ್ತು ಕೆಲಸ ಸೇರಿಕೊಂಡಿರುತ್ತವೆ.

ಇಂಥದ್ದನ್ನು ನಾಲ್ಕು ಸಲ ಕಂಡವರು ಹಳೆಯದಕ್ಕೆ ಮರಳುವುದರಲ್ಲಿ ಆಶ್ಚರ್ಯವಿಲ್ಲ, ಅವರನ್ನು ಸೋಮಾರಿಗಳೆನ್ನುವುದೂ ಸರಿಯಲ್ಲ. ಪರಿಹಾರ ಸುಲಭವಾಗಿಯೇ ಇದೆ: ನೀವು ನಿತ್ಯ ಬಳಸುವ ಹದಿನೈದು ಇಪ್ಪತ್ತು ಶಾರ್ಟ್‌ಕಟ್‌ಗಳನ್ನು ಕಾಗದದಲ್ಲಿ ಬರೆದು, ಮೊದಲ ಪ್ರಾಜೆಕ್ಟ್ ತೆರೆಯುವ ಮುಂಚೆಯೇ ಹೊಸ ತಂತ್ರಾಂಶದ ಕೀಬೋರ್ಡ್ ಶಾರ್ಟ್‌ಕಟ್ ಪಟ್ಟಿಯಲ್ಲಿ ಅವನ್ನೇ ಹೊಂದಿಸಿಕೊಳ್ಳಿ.

ಉಚಿತ ಅಂದ್ರೂ ಓಪನ್ ಸೋರ್ಸ್ ಅಂದ್ರೂ ಒಂದೇ ಅಲ್ವಾ? ಆರ್ಡೌರ್‌ಗೆ ದುಡ್ಡು ಕೇಳ್ತಿದೆಯಲ್ಲ?

ಬೇರೆ ಬೇರೆ. ಓಪನ್ ಸೋರ್ಸ್ ಅಂದರೆ ತಂತ್ರಾಂಶದ ಕೋಡ್ ಯಾರು ಬೇಕಾದರೂ ನೋಡಿ ಬದಲಿಸಬಹುದು ಎಂದರ್ಥ, ಬೆಲೆಯ ಮಾತಲ್ಲ. ಆರ್ಡೌರ್‌ನ ಸೋರ್ಸ್ ಕೋಡ್ ಯಾರಿಗೂ ಉಚಿತ, ಕಂಪೈಲ್ ಮಾಡಿ ಬಳಸಬಹುದು. ಲಿನಕ್ಸ್ ವಿತರಣೆಗಳು ತಾವೇ ಕಟ್ಟಿ ಉಚಿತವಾಗಿ ಕೊಡುವುದೂ ಉಂಟು. ಸಿದ್ಧಪಡಿಸಿದ ಇನ್‌ಸ್ಟಾಲರ್‌ಗೆ ಮಾತ್ರ ಆ ತಂಡ ಹಣ ಕೇಳುತ್ತದೆ. ತಂಡದ ತಾಣದಿಂದ ಇಳಿಸಿದ ಉಚಿತ ಪರೀಕ್ಷಾ ಆವೃತ್ತಿ ಹತ್ತು ನಿಮಿಷದ ನಂತರ ಆಗಾಗ ಮೌನವಾಗುತ್ತದೆ. ಇದು ದೋಷವಲ್ಲ, ಬೇಕೆಂದೇ ಹಾಗಿಟ್ಟಿದ್ದಾರೆ. "ಸೌಂಡ್ ನಿಂತುಹೋಗುತ್ತೆ" ಎಂದು ಡ್ರೈವರ್ ಬದಲಿಸುತ್ತ ಕೂರುವ ಮೊದಲು ಇದನ್ನು ನೋಡಿಕೊಳ್ಳಿ. ಇನ್ನೊಂದು ಕಡೆ, ಬಿಟ್ಟಿಯಾಗಿ ಸಿಗುವ ಹಲವು ತಂತ್ರಾಂಶಗಳ ಕೋಡ್ ಮುಚ್ಚಿಯೇ ಇರುತ್ತದೆ.

ಹೆಸರುಗಳೇ ಹತ್ತಾರು ಇವೆ. ಯಾವುದರಿಂದ ಶುರು ಮಾಡಲಿ?

ಬಿಟ್ಟುಹೋದವರಲ್ಲಿ ಬಹಳ ಜನ ಬಿಟ್ಟದ್ದು ತಮ್ಮ ಕೆಲಸಕ್ಕೆ ಸಲ್ಲದ ಸಾಧನವನ್ನು. ಎಲ್‌ಎಂಎಂಎಸ್ ಬೀಟ್ ಕಟ್ಟಲು, ಸಿಂಥ್ ನುಡಿಸಲು ಚೆನ್ನಾಗಿದೆ. ಆದರೆ ಅದರ 1.2 ಸರಣಿಯಲ್ಲಿ ಮೈಕ್‌ನಿಂದ ನೇರ ರೆಕಾರ್ಡಿಂಗ್ ಇಲ್ಲ. ಹಾಡುವವರು ಅದನ್ನು ಹಾಕಿಕೊಂಡರೆ ಮೊದಲ ಗಂಟೆಯಲ್ಲೇ ಬೇಸರ ಖಚಿತ. ಒಂದೆರಡು ಟ್ರ್ಯಾಕ್ ರೆಕಾರ್ಡ್ ಮಾಡಿ ಕತ್ತರಿಸಿ ಶುಚಿ ಮಾಡಲು ಆಡಾಸಿಟಿ ಸಾಕು. ಹಲವು ಮೈಕ್, ಬಸ್, ಆಟೋಮೇಶನ್ ಬೇಕಾದರೆ ಆರ್ಡೌರ್. ಸ್ವರಲಿಪಿಗೆ ಮ್ಯೂಸ್‌ಸ್ಕೋರ್. ಅಕ್ಷರದಲ್ಲಿ ಟೈಪ್ ಮಾಡಿ ಅಚ್ಚಿನ ಗುಣಮಟ್ಟದ ಪುಟ ಬೇಕೆನ್ನುವವರಿಗೆ ಲಿಲಿಪಾಂಡ್. ಡಿಜೆ ಕೆಲಸಕ್ಕೆ ಮಿಕ್ಸ್ (Mixxx) ಎಂಬ ತಂತ್ರಾಂಶ.

ಕ್ವಾಲಿಟಿ ಕಡಿಮೆ ಅಂತಾರೆ. ನಿಜವಾ?

ಟ್ರ್ಯಾಕ್‌ಗಳನ್ನು ಕೂಡಿಸಿ ಮಿಕ್ಸ್ ತೆಗೆಯುವ ವಿಷಯದಲ್ಲಿ ಅಲ್ಲ. ನೀವೇ ಪರೀಕ್ಷಿಸಬಹುದು. ಅವೇ ವೇವ್ ಫೈಲ್‌ಗಳನ್ನು ಎರಡೂ ತಂತ್ರಾಂಶಗಳಲ್ಲಿ ಇಟ್ಟು, ಪ್ಲಗಿನ್ ಒಂದನ್ನೂ ಹಾಕದೆ, ಫೇಡರ್‌ಗಳನ್ನೆಲ್ಲ 0 ಡಿಬಿಯಲ್ಲಿ ಬಿಟ್ಟು, 32 ಬಿಟ್ ಫ್ಲೋಟ್‌ಗೆ ಎಕ್ಸ್‌ಪೋರ್ಟ್ ಮಾಡಿ. ಎರಡೂ ಫೈಲ್‌ಗಳನ್ನು ಆಡಾಸಿಟಿಗೆ ತಂದು, ಒಂದಕ್ಕೆ ಇನ್ವರ್ಟ್ ಹಾಕಿ, ಕೂಡಿಸಿ. ನಿಶ್ಶಬ್ದ ಬಂದರೆ ಎರಡೂ ಒಂದೇ.

ಪರೀಕ್ಷೆ ಕೆಡುವ ಜಾಗಗಳಿವೆ. ಮೊನೊ ಟ್ರ್ಯಾಕನ್ನು ನಡುವೆ ಪ್ಯಾನ್ ಮಾಡಿದಾಗ ಕೆಲವು ತಂತ್ರಾಂಶಗಳು 3 ಡಿಬಿ ಇಳಿಸುತ್ತವೆ, ಕೆಲವು 4.5 ಅಥವಾ 6, ಕೆಲವು ಏನೂ ಇಳಿಸುವುದಿಲ್ಲ. ಅದನ್ನೇ "ಇದರ ಸೌಂಡ್ ಮಂಕು" ಎಂದು ಕಿವಿ ತೀರ್ಮಾನಿಸಿಬಿಡುತ್ತದೆ. ಡಿದರ್ (ಬಿಟ್ ಇಳಿಸುವಾಗ ಬೆರೆಸುವ ಸಣ್ಣ ಗದ್ದಲ) ಒಂದರಲ್ಲಿ ಆನ್, ಇನ್ನೊಂದರಲ್ಲಿ ಆಫ್ ಇದ್ದರೂ ಸಣ್ಣ ಶೇಷ ಉಳಿಯುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಜೊತೆಗೆ ಬರುವ ವಾದ್ಯಗಳಲ್ಲಿ. ದೊಡ್ಡ ಸಂಸ್ಥೆಗಳು ಹತ್ತಾರು ಜಿಬಿ ಸ್ಯಾಂಪಲ್ ಕೊಡುತ್ತವೆ. ಈ ಕಡೆ ಅಷ್ಟು ಸಿಗುವುದಿಲ್ಲ. ಪಿಯಾನೋ, ತಂತಿವಾದ್ಯ ಹುಡುಕಿ ತಂದು ಜೋಡಿಸಿಕೊಳ್ಳುವ ಕೆಲಸ ನಿಮ್ಮದು.

ಇದರಲ್ಲಿ ಮಾಡಿದ ಹಾಡಿಗೂ ಜಿಪಿಎಲ್ ಅಂಟಿಕೊಳ್ಳುತ್ತಾ?

ಇಲ್ಲ. ಜಿಪಿಎಲ್ ಎಂಬ ಓಪನ್ ಸೋರ್ಸ್ ಪರವಾನಗಿ ತಂತ್ರಾಂಶದ ಕೋಡ್‌ಗೆ ಅನ್ವಯಿಸುತ್ತದೆ, ಅದರಲ್ಲಿ ನೀವು ಮಾಡಿದ ಸಂಗೀತಕ್ಕಲ್ಲ. ಎಚ್ಚರ ಬೇಕಾದದ್ದು ಸ್ಯಾಂಪಲ್‌ಗಳ ವಿಷಯದಲ್ಲಿ: ಕ್ರಿಯೇಟಿವ್ ಕಾಮನ್ಸ್‌ನ "ವಾಣಿಜ್ಯೇತರ" ಪರವಾನಗಿಯಿರುವ ಲೂಪ್ ಬಳಸಿದರೆ ಆ ಹಾಡನ್ನು ಮಾರುವಂತಿಲ್ಲ.

ಬರೆಯುವವರು ನಾಳೆ ಕೈಬಿಟ್ಟರೆ ನಮ್ಮ ಗತಿ?

ಈ ಭಯ ಓಪನ್ ಸೋರ್ಸ್‌ಗೆ ಮಾತ್ರ ಮೀಸಲಲ್ಲ. ಮೂವತ್ತೈದು ವರ್ಷ ನಡೆದ ಸ್ವರಲಿಪಿ ತಂತ್ರಾಂಶ ಫಿನಾಲೆಯ ಅಭಿವೃದ್ಧಿ ನಿಲ್ಲಿಸುವುದಾಗಿ ಮೇಕ್‌ಮ್ಯೂಸಿಕ್ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಗಿಬ್ಸನ್ 2017ರಲ್ಲಿ ಕೇಕ್‌ವಾಕ್ ಎಂಬ ರೆಕಾರ್ಡಿಂಗ್ ತಂತ್ರಾಂಶದ ಕೆಲಸ ನಿಲ್ಲಿಸಿತು, ಮರುವರ್ಷ ಅದು ಬ್ಯಾಂಡ್‌ಲ್ಯಾಬ್ ಕೈಸೇರಿತು. ಓಪನ್ ಸೋರ್ಸ್‌ನಲ್ಲಿ ಇರುವ ಅನುಕೂಲವೆಂದರೆ ಆಕ್ಟಿವೇಶನ್ ಸರ್ವರ್ ಮುಚ್ಚುವ ಪ್ರಶ್ನೆ ಇಲ್ಲ, ಹಳೆಯ ಇನ್‌ಸ್ಟಾಲರ್ ಇಟ್ಟುಕೊಂಡರೆ ಅದು ಓಡುತ್ತದೆ, ಬೇಕಾದವರು ಕೋಡ್ ಎತ್ತಿಕೊಂಡು ಮುಂದುವರಿಸಬಹುದು.

"ಬಹುದು" ಎಂಬುದನ್ನು ಮಾತ್ರ ಅತಿಯಾಗಿ ನಂಬಬೇಡಿ. ನೋಡಿಕೊಳ್ಳುವವರಿಲ್ಲದ ಕೋಡ್ ತಾನಾಗಿಯೇ ಹಳಸುತ್ತದೆ: ಆಪರೇಟಿಂಗ್ ಸಿಸ್ಟಂ ಬದಲಾಗುತ್ತದೆ, ಅದು ನೆಚ್ಚಿಕೊಂಡ ಲೈಬ್ರರಿಗಳು ಮರೆಯಾಗುತ್ತವೆ. ಪರದೆಯ ಗುಂಡಿ, ಮೆನುಗಳನ್ನು ಬಿಡಿಸುವ ಜಿಟಿಕೆ 2 ಲೈಬ್ರರಿ ಎಲ್ಲೆಡೆಯಿಂದ ಹಿಂದೆ ಸರಿದಾಗ ಆರ್ಡೌರ್ ತಂಡ ಅದರ ಪ್ರತಿಯನ್ನು ತನ್ನ ಕೋಡಿನೊಳಗೇ ಇಟ್ಟುಕೊಂಡು ಪಾರಾಯಿತು. ಒಬ್ಬರೇ ಬಿಡುವಿನಲ್ಲಿ ಬರೆಯುವ ಯೋಜನೆಗೆ ಅದು ಕಷ್ಟ. ಆದ್ದರಿಂದ ಆಯ್ಕೆಗೆ ಮುಂಚೆ ಮೂರು ವಿಷಯ ನೋಡಿ. ಕೊನೆಯ ಬಿಡುಗಡೆ ಯಾವಾಗ ಆಗಿದೆ? ಕಳೆದ ಒಂದು ವರ್ಷದಲ್ಲಿ ಎಷ್ಟು ಜನರ ಕೋಡ್ ಸೇರಿದೆ? ದೋಷ ವರದಿಗಳಿಗೆ ಯಾರಾದರೂ ಉತ್ತರಿಸುತ್ತಿದ್ದಾರೆಯೇ? ಗಿಟ್‌ಹಬ್ ಪುಟದಲ್ಲಿ ಜನ ಕೊಟ್ಟ ನಕ್ಷತ್ರಗಳ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಬದಲಾಗುವ ಹೊತ್ತಿನ ಪ್ರಶ್ನೆಗಳು

ನನ್ನ ಹಳೇ ಪ್ರಾಜೆಕ್ಟ್‌ಗಳು ಇದರಲ್ಲಿ ತೆರೆಯುತ್ತವಾ?

ನೇರವಾಗಿ ತೆರೆಯುವುದು ಬಹಳ ಅಪರೂಪ. ಬೀಗ ಹಾಕಿದ್ದಾರೆ ಎಂಬುದೇ ಯಾವಾಗಲೂ ಕಾರಣವಲ್ಲ. ಏಬಲ್‌ಟನ್ ಲೈವ್ ಫೈಲ್ ಜಿಜಿಪ್ ಮಾಡಿದ ಎಕ್ಸ್‌ಎಂಎಲ್ ಅಷ್ಟೇ, ಬಿಚ್ಚಿ ಓದಬಹುದು. ಆದರೆ ಅದರಲ್ಲಿರುವುದು ಆ ತಂತ್ರಾಂಶದ ಸ್ವಂತ ವಾರ್ಪಿಂಗ್, ಸ್ವಂತ ವಾದ್ಯ, ಸ್ವಂತ ಎಫೆಕ್ಟ್‌ಗಳ ಸೂಚನೆ. ಅವನ್ನು ನಡೆಸುವ ಯಂತ್ರ ಬೇರೆ ಕಡೆ ಇಲ್ಲ. 2023ರಲ್ಲಿ ಬಿಟ್‌ವಿಗ್ ಮತ್ತು ಪ್ರಿಸೋನಸ್ ತಂದ ಡಾಪ್ರಾಜೆಕ್ಟ್ ಎಂಬ ಮುಕ್ತ ವಿನಿಮಯ ಮಾದರಿ ಈ ದಿಕ್ಕಿನ ಒಳ್ಳೆಯ ಹೆಜ್ಜೆ, ಆದರೆ ಅದನ್ನು ಓದಬಲ್ಲ ತಂತ್ರಾಂಶಗಳು ಇನ್ನೂ ಕಡಿಮೆ.

ಹಾಗಾಗಿ ಕೈಯಾರೆ ಸಾಗಿಸಬೇಕು, ಅದೂ ಹಳೆಯ ತಂತ್ರಾಂಶ ಇನ್ನೂ ಓಡುತ್ತಿರುವಾಗಲೇ:

1. ಪ್ರತಿ ಟ್ರ್ಯಾಕನ್ನೂ ಮೊದಲ ಬಾರಿನಿಂದಲೇ (ಬಾರ್ ಎಂದರೆ ತಾಳದ ಒಂದು ಆವರ್ತ) ಎಕ್ಸ್‌ಪೋರ್ಟ್ ಮಾಡಿ, ಟ್ರ್ಯಾಕಿನಲ್ಲಿ ಸದ್ದು ಶುರುವಾಗುವುದು ಐವತ್ತನೇ ಬಾರಿನಲ್ಲಾದರೂ ಸರಿ. ಎಲ್ಲ ಫೈಲ್‌ಗಳಿಗೂ ಆರಂಭ ಒಂದೇ ಇದ್ದರೆ ಹೊಸ ಕಡೆ ಸೊನ್ನೆಗೆ ಜೋಡಿಸಿದರೆ ಸಾಕು.
2. 24 ಬಿಟ್ ಅಥವಾ 32 ಬಿಟ್ ಫ್ಲೋಟ್, ಪ್ರಾಜೆಕ್ಟಿನದೇ ಸ್ಯಾಂಪಲ್ ರೇಟ್. ನಾರ್ಮಲೈಸ್ ಆಫ್ ಮಾಡಿ. ಆನ್ ಇದ್ದರೆ ಪ್ರತಿ ಟ್ರ್ಯಾಕ್ ಬೇರೆ ಬೇರೆ ಮಟ್ಟಕ್ಕೆ ಏರಿ ಮಿಕ್ಸ್ ಕುಸಿಯುತ್ತದೆ.
3. ಎಫೆಕ್ಟ್ ಸಮೇತ ಒಂದು ಕಟ್ಟು, ಎಫೆಕ್ಟ್ ಇಲ್ಲದೆ ಒಂದು ಕಟ್ಟು. ರಿವರ್ಬಿನ ಬಾಲಕ್ಕೆ ಕೊನೆಯಲ್ಲಿ ನಾಲ್ಕು ಬಾರ್ ಹೆಚ್ಚು ಬಿಡಿ.
4. ಮಿಡಿಯನ್ನು, ಅಂದರೆ ನುಡಿಸಿದ ಸ್ವರಗಳ ಸೂಚನೆಯನ್ನು, ಟೈಪ್ 1 ಫೈಲಾಗಿ ತೆಗೆಯಿರಿ. ಟೆಂಪೋ ಅದರ ಜೊತೆ ಬರುತ್ತದೆ, ವಾದ್ಯದ ಸದ್ದು ಬರುವುದಿಲ್ಲ.
5. ಪೂರ್ಣ ಮಿಕ್ಸಿನ ಒಂದು ಫೈಲ್, ಮಿಕ್ಸರಿನ ಸ್ಕ್ರೀನ್‌ಶಾಟ್, ಟೆಂಪೋ ಮತ್ತು ತಾಳದ ವಿವರ ಬರೆದ ಟೆಕ್ಸ್ಟ್ ಫೈಲ್.

ಜಾಗದ ಲೆಕ್ಕ: 48 ಕಿಲೋಹರ್ಟ್ಸ್, 24 ಬಿಟ್ ಮೊನೊ ಆದರೆ ನಿಮಿಷಕ್ಕೆ 8.64 ಎಂಬಿ. ನಾಲ್ಕು ನಿಮಿಷದ, 24 ಟ್ರ್ಯಾಕ್ ಹಾಡಿಗೆ ಸುಮಾರು 830 ಎಂಬಿ, ಎರಡು ಕಟ್ಟಿಗೆ ಅದರ ದುಪ್ಪಟ್ಟು. ಎಲ್ಲ ಹಾಡುಗಳಿಗೂ ಇಷ್ಟು ಮಾಡಬೇಕಿಲ್ಲ. ಮತ್ತೆ ತೆರೆಯುವ ಸಾಧ್ಯತೆಯಿರುವ ಪ್ರಾಜೆಕ್ಟ್‌ಗಳಿಗೆ ಸಾಕು.

ನೀವು ಬದಲಾಗದಿದ್ದರೂ ಈ ಕಟ್ಟು ಮಾಡಿಡುವುದು ಒಳ್ಳೆಯದು.

ಮ್ಯೂಸಿಕ್‌ಎಕ್ಸ್‌ಎಂಎಲ್ ಮೂಲಕ ತಂದ ಸ್ವರಲಿಪಿ ಚೆಲ್ಲಾಪಿಲ್ಲಿಯಾಗಿ ಕಾಣುತ್ತೆ. ಫೈಲ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಮ್ಯೂಸಿಕ್‌ಎಕ್ಸ್‌ಎಂಎಲ್ ಎಂದರೆ ಒಂದು ಸ್ವರಲಿಪಿ ತಂತ್ರಾಂಶದಿಂದ ಇನ್ನೊಂದಕ್ಕೆ ಕೃತಿ ಸಾಗಿಸುವ ಫೈಲ್ ಮಾದರಿ. ಸ್ವರ, ಅವಧಿ, ಸ್ಲರ್, ಸಾಹಿತ್ಯ, ಕಾರ್ಡ್ ಹೆಸರು ಇವು ಬಹುತೇಕ ಸರಿಯಾಗಿ ಬರುತ್ತವೆ. ಪುಟದ ಅಂದ, ಅಂದರೆ ಅಂತರ, ಸಾಲು ಒಡೆಯುವ ಜಾಗ, ವಿಶೇಷ ಫಾಂಟ್, ಕೈಯಾರೆ ಸರಿಸಿದ ಚಿಹ್ನೆಗಳು ಅಷ್ಟು ನಿಷ್ಠೆಯಿಂದ ಬರುವುದಿಲ್ಲ. ಹಳೆಯದರಿಂದ ಪಿಡಿಎಫ್ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಮೊದಲು ಒಟ್ಟು ಬಾರ್‌ಗಳ ಸಂಖ್ಯೆ ಹೊಂದುತ್ತದೆಯೇ ನೋಡಿ. ಆಮೇಲೆ ಪುನರಾವರ್ತನೆಯ ಒಂದನೇ, ಎರಡನೇ ಮುಕ್ತಾಯ, ಟ್ರಿಪ್ಲೆಟ್‌ಗಳು, ಒಂದೇ ಸಾಲಿನ ಎರಡು ಧ್ವನಿಗಳು, ಕ್ಲ್ಯಾರಿನೆಟ್‌ನಂಥ ಶ್ರುತಿ ಬದಲಿಸಿ ಬರೆಯುವ ವಾದ್ಯಗಳು. ತಪ್ಪು ಅಡಗುವುದು ಹೆಚ್ಚಾಗಿ ಈ ನಾಲ್ಕರಲ್ಲೇ. ಅಂದ ತಿದ್ದುವುದನ್ನು ಕೊನೆಗಿಡಿ.

ದುಡ್ಡು ಸುರಿದು ತಗೊಂಡ ಪ್ಲಗಿನ್‌ಗಳೆಲ್ಲ ದಂಡವಾ?

ಕೆಲವು ಹೌದು. ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಅದರ ಪ್ಲಗಿನ್ ಮಾದರಿ (ಎಎಎಕ್ಸ್, ಎಯು, ವಿಎಸ್‌ಟಿ ಇತ್ಯಾದಿ) ಬರೆಯಿರಿ. ಎಎಎಕ್ಸ್ ಮಾತ್ರ ಇದ್ದರೆ ಅದು ಪ್ರೊಟೂಲ್ಸ್‌ನಂಥ ಆವಿಡ್ ಸಾಧನಗಳನ್ನು ಬಿಟ್ಟು ಹೊರಗೆ ಬರುವುದಿಲ್ಲ. ಎಯು ಮ್ಯಾಕ್‌ಗೆ ಸೀಮಿತ. ವಿಎಸ್‌ಟಿ 2ಕ್ಕೆ ಹೊಸ ಪರವಾನಗಿ ಕೊಡುವುದನ್ನು ಸ್ಟೈನ್‌ಬರ್ಗ್ 2018ರಲ್ಲಿ ನಿಲ್ಲಿಸಿತು, ಹಾಗಾಗಿ ಆಮೇಲೆ ಹುಟ್ಟಿದ ತಂತ್ರಾಂಶಗಳಲ್ಲಿ ಅದು ಇಲ್ಲದಿರಬಹುದು. ಎಲ್‌ಎಂಎಂಎಸ್ 1.2 ಇದಕ್ಕೆ ತಲೆಕೆಳಗು: ಅದು ವಿಎಸ್‌ಟಿ 2 ತೆರೆಯುತ್ತದೆ, ವಿಎಸ್‌ಟಿ 3 ತೆರೆಯುವುದಿಲ್ಲ. ವಿಂಡೋಸ್ ಪ್ಲಗಿನ್‌ಗಳನ್ನು ಲಿನಕ್ಸ್‌ನಲ್ಲಿ ವೈನ್ ಮತ್ತು ಯಾಬ್ರಿಜ್ ಎಂಬ ಸೇತುವೆ ತಂತ್ರಾಂಶಗಳ ಮೂಲಕ ಓಡಿಸಬಹುದು, ಆದರೆ ಐಲಾಕ್‌ನಂಥ ನಕಲು ತಡೆ ಇರುವವು ಅಲ್ಲಿ ಮುಗ್ಗರಿಸುವುದು ಮಾಮೂಲಿ.

ತಲೆಕೆಳಗಾಗಿ ಶುರು ಮಾಡುವುದು ಜಾಣತನ. ತಂತ್ರಾಂಶ ಹಳೆಯದೇ ಇರಲಿ, ಪ್ಲಗಿನ್‌ಗಳನ್ನು ಮೊದಲು ಓಪನ್ ಸೋರ್ಸ್ ಮಾಡಿಕೊಳ್ಳಿ. ಸರ್ಜ್ ಎಕ್ಸ್‌ಟಿ ಸಿಂಥ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಯಮಾಹಾ ಡಿಎಕ್ಸ್7ರ ಸದ್ದು ಬೇಕಾದವರಿಗೆ ಡೆಕ್ಸ್ಡ್ ಇದೆ. ಆರು ತಿಂಗಳು ಇವನ್ನು ಬಳಸಿದ ಮೇಲೆ ತಂತ್ರಾಂಶ ಬದಲಿಸಿದರೆ ಪ್ರಿಸೆಟ್‌ಗಳು ಜೊತೆಯಲ್ಲೇ ಬರುತ್ತವೆ.

ಹಾಡಿದ್ದು ತಡವಾಗಿ ಕೇಳುತ್ತೆ, ಇಲ್ಲವೇ ಚಟಪಟ ಸದ್ದು ಬರುತ್ತೆ. ಹಳೆಯದರಲ್ಲಿ ಈ ಕಾಟ ಇರಲಿಲ್ಲ.

ಹಳೆಯದರಲ್ಲಿ ಯಾರೋ ಒಮ್ಮೆ ಸರಿಯಾಗಿ ಹೊಂದಿಸಿಟ್ಟಿದ್ದರು, ಹೊಸದರಲ್ಲಿ ಇನ್ನೂ ಹೊಂದಿಸಿಲ್ಲ, ಅಷ್ಟೇ. ಬಫರ್ (ಒಂದು ಸಲಕ್ಕೆ ಸಂಸ್ಕರಿಸುವ ಸದ್ದಿನ ತುಣುಕು) ಗಾತ್ರವನ್ನು ಸ್ಯಾಂಪಲ್ ರೇಟಿನಿಂದ ಭಾಗಿಸಿದರೆ ತಡ ಎಷ್ಟೆಂದು ಸಿಗುತ್ತದೆ: 48,000ರಲ್ಲಿ 1024 ಸ್ಯಾಂಪಲ್ ಅಂದರೆ 21.3 ಮಿಲಿಸೆಕೆಂಡ್, 256 ಅಂದರೆ 5.3, 128 ಅಂದರೆ 2.7. ಇದು ಒಂದು ದಿಕ್ಕಿನದು. ಹೋಗಿ ಬರುವಾಗ ಕನಿಷ್ಠ ದುಪ್ಪಟ್ಟು, ಮೇಲೆ ಆಡಿಯೋ ಇಂಟರ್‌ಫೇಸಿನ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯ) ಸ್ವಂತ ತಡ. ಹಾಡುವಾಗ 128 ಅಥವಾ 256, ಮಿಕ್ಸ್ ಮಾಡುವಾಗ 1024 ಇಟ್ಟುಕೊಳ್ಳಿ. ಚಟಪಟ ಬಂದರೆ ಒಂದು ಮೆಟ್ಟಿಲು ಮೇಲೇರಿಸಿ.

ವಿಂಡೋಸ್‌ನಲ್ಲಿ ಆಡಿಯೋ ಹೋಸ್ಟ್ (ತಂತ್ರಾಂಶ ಸೌಂಡ್ ಸಾಧನದೊಂದಿಗೆ ಮಾತಾಡುವ ದಾರಿ) ಎಂಎಂಇ ಆಗಿದ್ದರೆ ಬಫರ್ ಇಳಿಸಿಯೂ ಪ್ರಯೋಜನವಿಲ್ಲ. ಆಸಿಯೋ ಇದ್ದರೆ ಅದು, ಇಲ್ಲವಾದರೆ ವಸಾಪಿ ಆರಿಸಿ. ಆಡಾಸಿಟಿಯ ಸಿದ್ಧ ಇನ್‌ಸ್ಟಾಲರ್ ಬಹುಕಾಲ ಆಸಿಯೋ ಇಲ್ಲದೆ ಬಂದದ್ದು ಪರವಾನಗಿಯ ತೊಡಕಿನಿಂದ. ಲಿನಕ್ಸ್‌ನಲ್ಲಿ ನಿಮ್ಮ ಖಾತೆಗೆ ರಿಯಲ್‌ಟೈಮ್ ಅನುಮತಿ (ಆಡಿಯೋಗೆ ಬೇರೆ ಕೆಲಸಗಳಿಗಿಂತ ಮೊದಲ ಆದ್ಯತೆ) ಇದೆಯೇ ಎಂದು ಮೊದಲು ನೋಡಿ. ಅದಿಲ್ಲದೆ ಎಷ್ಟು ದೊಡ್ಡ ಪ್ರೊಸೆಸರ್ ಇದ್ದರೂ ಸದ್ದು ಕಡಿಯಬಹುದು.

ರೆಕಾರ್ಡ್ ಆದ ಮೇಲೆ ಹೊಸ ಟ್ರ್ಯಾಕ್ ಹಳೆಯದಕ್ಕಿಂತ ಹಿಂದೆ ಬಿದ್ದಿದ್ದರೆ ಅದು ಬೇರೆ ಕಥೆ. ಆಡಾಸಿಟಿಯಲ್ಲಿ ಲೇಟೆನ್ಸಿ ಕಾಂಪೆನ್ಸೇಶನ್ ಆರಂಭದಲ್ಲಿ ಮೈನಸ್ 130 ಮಿಲಿಸೆಕೆಂಡ್ ಇರುತ್ತದೆ, ಅದು ಬರೀ ಅಂದಾಜು. ರಿದಂ ಟ್ರ್ಯಾಕ್ ಒಂದನ್ನು ಹುಟ್ಟಿಸಿ, ಇಂಟರ್‌ಫೇಸಿನ ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಕೇಬಲ್ ಹಾಕಿ ಅದನ್ನೇ ರೆಕಾರ್ಡ್ ಮಾಡಿ. ಮೂಲ ಟಿಕ್ಕಿಗೂ ರೆಕಾರ್ಡ್ ಆದ ಅದೇ ಟಿಕ್ಕಿಗೂ ನಡುವಿನ ಅಂತರ ಅಳೆದು, ಅಷ್ಟನ್ನು ಆ ಸಂಖ್ಯೆಗೆ ಹೊಂದಿಸಿ.

ಹಾಡು ಸ್ವಲ್ಪ ಮೇಲಿನ ಶ್ರುತಿಯಲ್ಲಿ, ಬೇಗ ಬೇಗ ಓಡುತ್ತೆ. ಏನಾಯ್ತು?

44,100ರ ಫೈಲನ್ನು ಎಲ್ಲೋ 48,000 ಎಂದು ಓದುತ್ತಿದೆ. ವೇಗ ಶೇ 8.8 ಏರುತ್ತದೆ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಮೇಲೆ ಹೋಗುತ್ತದೆ, ನಾಲ್ಕು ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿನಲ್ಲಿ ಮುಗಿಯುತ್ತದೆ. ಇಂಟರ್‌ಫೇಸ್, ಪ್ರಾಜೆಕ್ಟ್, ಫೈಲ್ ಮೂರರ ರೇಟನ್ನೂ ಒಂದೇ ಮಾಡಿ.

ಇನ್ನೂ ಆಳದ ಪ್ರಶ್ನೆಗಳು

ಜೊತೆಗಾರರೆಲ್ಲ ಬೇರೆಯದನ್ನೇ ಬಳಸ್ತಾರೆ. ನಾನೊಬ್ಬಳೇ ಬದಲಾದರೆ ಕೆಲಸ ನಡೆಯುತ್ತಾ?

ನಡೆಯುತ್ತದೆ, ಪ್ರಾಜೆಕ್ಟ್ ಫೈಲ್ ಬದಲು ಆಡಿಯೋ ಕೈ ಬದಲಾಯಿಸುವುದಾದರೆ. ಕೆಲಸ ಶುರುವಾಗುವ ಮುಂಚೆಯೇ ಸ್ಯಾಂಪಲ್ ರೇಟ್, ಬಿಟ್ ಡೆಪ್ತ್, ಸೊನ್ನೆಯಿಂದ ಆರಂಭ, ಫೈಲಿಗೆ ಹೆಸರಿಡುವ ಕ್ರಮ, ಕೊನೆಯ ಮಿಕ್ಸ್ ಯಾರ ಯಂತ್ರದಲ್ಲಿ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಮಿಕ್ಸ್ ಅರ್ಧದಲ್ಲಿರುವಾಗ ಪ್ರಾಜೆಕ್ಟೇ ಆಚೀಚೆ ಓಡಾಡಬೇಕಾದ ಕೆಲಸವಾದರೆ, ಆ ಗುಂಪಿನೊಂದಿಗೆ ಹಳೆಯದನ್ನೇ ಬಳಸುವುದು ಸರಿ. ಎರಡನ್ನೂ ಇಟ್ಟುಕೊಂಡರೆ ತಪ್ಪೇನೂ ಇಲ್ಲ.

ಹೊಸ ವರ್ಶನ್ ಹಾಕಿದ ಮೇಲೆ ಫೈಲ್ ಹಳೆಯದರಲ್ಲಿ ತೆರೆಯುತ್ತಿಲ್ಲ. ಇಲ್ಲೂ ಇದೇ ಗೋಳಾ?

ಹೌದು, ಇಲ್ಲೂ ಇದೆ. 2021ರಲ್ಲಿ ಆಡಾಸಿಟಿ 3.0 ಬಂದಾಗ ಎಯುಪಿ ಹೋಗಿ ಎಯುಪಿ3 ಬಂತು. ಹಳೆಯದನ್ನು ಹೊಸದು ಓದುತ್ತದೆ, ಹೊಸದನ್ನು ಹಳೆಯದು ಓದುವುದಿಲ್ಲ. 2022ರ ಡಿಸೆಂಬರಿನಲ್ಲಿ ಮ್ಯೂಸ್‌ಸ್ಕೋರ್ 4 ಬಂದಾಗ 3ರ ಪ್ಲಗಿನ್‌ಗಳು ಹಾಗೇ ಓಡಲಿಲ್ಲ. ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಬಹುದು, ಕೆಲಸದ ನಡುವೆ ಇರುವವರು ಹಾಗೇ ಮಾಡಬೇಕು.

ಎಯುಪಿ3 ಬಗ್ಗೆ ಇನ್ನೊಂದು ಮಾತು. ಅದು ಎಸ್‌ಕ್ಯೂಲೈಟ್ ಡೇಟಾಬೇಸ್. ಪ್ರಾಜೆಕ್ಟ್ ತೆರೆದಿರುವಾಗ ಫೋಲ್ಡರಿನಲ್ಲಿ ಅದರ ಪಕ್ಕ "ವಾಲ್" (-wal) ಎಂದು ಕೊನೆಯಾಗುವ ಇನ್ನೊಂದು ಫೈಲ್ ಕಾಣಿಸುತ್ತದೆ. ಹೊಸ ಬದಲಾವಣೆಗಳು ಸ್ವಲ್ಪ ಹೊತ್ತು ಇರುವುದು ಅದರಲ್ಲಿ. ಕಸವೆಂದು ಅದನ್ನು ಅಳಿಸಿದರೆ, ಅಥವಾ ಪ್ರಾಜೆಕ್ಟ್ ಮುಚ್ಚದೆ ಎಯುಪಿ3 ಒಂದನ್ನೇ ನಕಲು ಮಾಡಿದರೆ, ಕೊನೆಯ ಕೆಲಸ ಕಳೆದುಹೋಗಬಹುದು. ಕ್ಲೌಡ್‌ಗೆ ಸಿಂಕ್ ಆಗುವ ಫೋಲ್ಡರಿನಲ್ಲಿ ತೆರೆದು ಕೆಲಸ ಮಾಡಬೇಡಿ. ಫ್ಯಾಟ್32 ಪೆನ್‌ಡ್ರೈವ್ ಬೇಡವೇ ಬೇಡ, ಅಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ.

ಆಡಾಸಿಟಿ ನಮ್ಮ ಮಾಹಿತಿ ಕದಿಯುತ್ತೆ ಅಂತ ಗಲಾಟೆಯಾಗಿತ್ತಲ್ಲ. ನಂಬಬಹುದಾ?

2021ರಲ್ಲಿ ಮ್ಯೂಸ್ ಗ್ರೂಪ್ ಅದನ್ನು ತೆಕ್ಕೆಗೆ ತೆಗೆದುಕೊಂಡ ಮೇಲೆ ಬಳಕೆಯ ಅಂಕಿಅಂಶ ಕಳಿಸುವ ಪ್ರಸ್ತಾಪ ಬಂತು, ವಿರೋಧ ಎದ್ದು ಅದನ್ನು ಕೈಬಿಟ್ಟರು. ಆಮೇಲೆ ಗೋಪ್ಯತಾ ನೀತಿಯ ಒಕ್ಕಣೆಯಿಂದ ಮತ್ತೆ ಗದ್ದಲವಾಯಿತು, ಟೆನೆಸಿಟಿ ಎಂಬ ಕವಲೂ ಹುಟ್ಟಿತು. ಉಳಿದದ್ದು ಹೊಸ ಆವೃತ್ತಿ ಇದೆಯೇ ಎಂದು ನೋಡುವ ಕರೆ, ಮತ್ತು ಕೇಳಿಯೇ ಕಳಿಸುವ ದೋಷ ವರದಿ. ಮೊದಲನೆಯದನ್ನು ಪ್ರಿಫರೆನ್ಸಸ್‌ನಲ್ಲಿ ಆಫ್ ಮಾಡಬಹುದು. ಪ್ರಸ್ತಾಪ ಜನರ ಕಣ್ಣಿಗೆ ಬಿದ್ದದ್ದೇ ಅದು ಬಹಿರಂಗ ಕೋಡಿನಲ್ಲಿ ಇದ್ದದ್ದರಿಂದ.

ಪರೀಕ್ಷೆಗೆ ಎಂಥ ಕೆಲಸ ಕೊಟ್ಟು ನೋಡಬೇಕು?

ಗಡುವು ಇರುವ ಕೆಲಸ ಕೊಡಬೇಡಿ. ಈಗಾಗಲೇ ಮುಗಿದ, ಎಂಟರಿಂದ ಹನ್ನೆರಡು ಟ್ರ್ಯಾಕಿನ ಹಾಡೊಂದನ್ನು ಹೊಸದರಲ್ಲಿ ಮೊದಲಿನಿಂದ ಮಿಕ್ಸ್ ಮಾಡಿ. ಗುರಿ ಗೊತ್ತಿರುವುದರಿಂದ ತಡೆಯಾಗುವುದು ತಂತ್ರಾಂಶವೋ ನಿಮ್ಮ ಕಲ್ಪನೆಯೋ ಎಂಬ ಗೊಂದಲ ಇರುವುದಿಲ್ಲ. ಸಿಕ್ಕಿಹಾಕಿಕೊಂಡ ಪ್ರತಿ ಜಾಗವನ್ನೂ ಬರೆಯಿರಿ. ಎರಡನೇ ಹಾಡಿನಲ್ಲಿ ಪಟ್ಟಿ ಅರ್ಧಕ್ಕಿಳಿದರೆ ಅದು ಅಭ್ಯಾಸದ ತೊಡಕು. ಅವೇ ಸಾಲುಗಳು ಮತ್ತೆ ಬಂದರೆ ಆ ಸಾಧನ ನಿಮಗಲ್ಲ.

ನಾವೇ ಹೊಸದೊಂದನ್ನು ಬರೀತಿದ್ದೇವೆ. ಡೌನ್‌ಲೋಡ್ ಆಗುತ್ತೆ, ಜನ ಉಳಿಯಲ್ಲ. ಎಲ್ಲಿ ಎಡವುತ್ತಿದ್ದೇವೆ?

ಬಹುಶಃ ಮೊದಲ ಹತ್ತು ನಿಮಿಷದಲ್ಲಿ. ಡಿಜಿಟಲ್ ಸಹಿ ಇಲ್ಲದ ಇನ್‌ಸ್ಟಾಲರ್ ಆದರೆ ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್ ನೀಲಿ ಎಚ್ಚರಿಕೆ ತೋರಿಸುತ್ತದೆ, ಮ್ಯಾಕ್‌ನ ಗೇಟ್‌ಕೀಪರ್ ತೆರೆಯಲೇ ಬಿಡುವುದಿಲ್ಲ. ಅದನ್ನು ದಾಟಿ ಬಂದವರಿಗೆ ಪ್ಲೇ ಒತ್ತಿದಾಗ ಸದ್ದು ಬರುವುದಿಲ್ಲ, ಏಕೆಂದರೆ ತಂತ್ರಾಂಶ ಮಾನಿಟರಿನ ಎಚ್‌ಡಿಎಂಐ ಔಟ್‌ಪುಟ್ಟನ್ನು ಹಿಡಿದು ಕೂತಿರುತ್ತದೆ. ಮೊದಲ ಪರದೆಯಲ್ಲೇ ಸಾಧನ ಆರಿಸಿ, "ಸದ್ದು ಪರೀಕ್ಷಿಸಿ" ಗುಂಡಿ ಕೊಡಿ. ಮೂರನೆಯದು ಪ್ಲಗಿನ್ ಸ್ಕ್ಯಾನ್: ಕೆಟ್ಟ ಪ್ಲಗಿನ್ ಒಂದೇ ಇದ್ದರೂ ಇಡೀ ತಂತ್ರಾಂಶ ಬೀಳುತ್ತದೆ, ಪ್ರತಿ ಸಲ ತೆರೆದಾಗಲೂ ಅಲ್ಲೇ ಬೀಳುತ್ತದೆ. ಸ್ಕ್ಯಾನನ್ನು ಬೇರೆ ಪ್ರೊಸೆಸ್ಸಿನಲ್ಲಿ ನಡೆಸಿ, ಬಿದ್ದದ್ದನ್ನು ಹೆಸರು ಹೇಳಿ ಬದಿಗಿಡಿ.

ಸೌಲಭ್ಯಗಳ ಪಟ್ಟಿ ಬೆಳೆಸುವುದಕ್ಕಿಂತ ಹೊರಗೆ ಹೋಗುವ ದಾರಿ ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಆದೇಶದಲ್ಲಿ ಸೊನ್ನೆಯಿಂದ ಎಕ್ಸ್‌ಪೋರ್ಟ್ ಮಾಡುವ, ಟೆಂಪೋ ಸಮೇತ ಮಿಡಿ ತೆಗೆಯುವ ಆಯ್ಕೆಗಳನ್ನು 1.0ಕ್ಕೆ ಮುಂಚೆಯೇ ಕೊಡಿ, ಮೆನುವಿನಲ್ಲಿ ಕಣ್ಣಿಗೆ ಬೀಳುವ ಕಡೆ ಇಡಿ. ಲಾಜಿಕ್, ಏಬಲ್‌ಟನ್, ಕ್ಯೂಬೇಸ್ ಶೈಲಿಯ ಶಾರ್ಟ್‌ಕಟ್ ಪಟ್ಟಿಗಳೂ ಮೊದಲ ಪರದೆಯಲ್ಲೇ ಆರಿಸುವಂತಿರಲಿ. ಪ್ರಾಜೆಕ್ಟ್ ಫೈಲಿನ ಮಾದರಿ ಇನ್ನೂ ಬದಲಾಗಬಹುದಾದರೆ ಸೇವ್ ಮಾಡುವಾಗಲೇ ಹಾಗೆಂದು ಹೇಳಿ, ಹೊಸ ಮಾದರಿಗೆ ಪರಿವರ್ತಿಸುವ ಮುಂಚೆ ಹಳೆಯ ಫೈಲಿನ ನಕಲನ್ನು ಆವೃತ್ತಿಯ ಸಂಖ್ಯೆ ಸೇರಿಸಿ ಅದೇ ಫೋಲ್ಡರಿನಲ್ಲಿ ಉಳಿಸಿ.